ಮದ್ರಾಸಿನ ಸಾಟಿ

ಗಿರಿಜಾ, ನೀನು ಒಲ್ಲೆ ಅಂದದ್ದನ್ನು ನಾನು ಅಪ್ಪನಿಗೆ ಹೇಳಲೇ ಇಲ್ಲ. ಒಪ್ಪಿದ್ದಾಳೆ ಎಂದು ಸುಳ್ಳು ಹೇಳಿದೆ.

ಕೊಪ್ಪಳ ಜಿಲ್ಲೆಯಾದ ವರ್ಷ ಅದು. ಬದುವಿನ ಜಗಳದಲ್ಲಿ ನಾವೂ ಪಕ್ಕದ ಹೊಲದ ಯಲಬುರ್ಗಾದವರೂ ಕಚ್ಚಾಡಿ ಸಾಕಾಗಿತ್ತು. ಹಿರಿಯರು ಸಾಟಿ ಮದುವೆಯ ಮಾತೆತ್ತಿದರು — ಅವರ ಮಗಳು ಶಾಂತಾ ನನಗೆ, ನೀನು ಅವರ ಮಗನಿಗೆ. ಒಂದು ತಪ್ಪಿದರೆ ಎರಡೂ ಇಲ್ಲ. ಅಪ್ಪ ನನ್ನನ್ನೇ ಒಳಗೆ ಕಳಿಸಿದ.

“ಆಕಿ ಮನಸ್ಸು ಕೇಳ್ಕೊಂಡು ಬಾ. ಒಲ್ಲೆ ಅಂದ್ರ ಬಿಟ್ಟಬಿಡೋಣು, ಬದು ಹೋದ್ರ ಹೋಗ್ಲಿ.”

ನೀನು ರೊಟ್ಟಿ ಬಡಿಯುತ್ತಿದ್ದೆ. ತಲೆ ಎತ್ತಲಿಲ್ಲ. “ನಾ ಒಲ್ಲೆ ಅಣ್ಣಾ. ಇನ್ನೂ ಸಾಲಿ ಕಲೀತೀನಿ. ಅಪ್ಪಗ ನೀನ ಹೇಳು.”

ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ — ಶಾಂತಾಳ ಮೇಲೆ ನನಗೆ ಮನಸ್ಸಿತ್ತು, ಅಷ್ಟೇ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

“ಒಪ್ಯಾಳ” ಎಂದೆ. ಅಪ್ಪ ಎಲ್ಲರಿಗೂ ಸಕ್ಕರೆ ಹಂಚಿದ.

ನಿನ್ನ ಮಾತನ್ನು ಅಪ್ಪನೇ ತಳ್ಳಿಹಾಕಿದ ಎಂದು ನೀನು ತಿಳಿದೆ. ತವರಿಗೆ ಬಂದರೂ ಅವನೆದುರು ಕೂಡಲಿಲ್ಲ. ಹಾಸಿಗೆ ಹಿಡಿದಾಗ ಅವನು ನನ್ನನ್ನು ಕೇಳಿದ — ಗಿರಿಜಾಗೆ ನನ್ನ ಮೇಲೆ ಯಾಕೆ ಸಿಟ್ಟು ಎಂದು. ನಾನು ಅವನ ಹೊದಿಕೆ ಸರಿಮಾಡಿದೆ. ಕಾರಣ ತಿಳಿಯದೆಯೇ ಅವನು ತೀರಿಹೋದ.

ಮೊನ್ನೆ ಕುಷ್ಟಗಿಯ ನನ್ನ ತರಗತಿಯಲ್ಲಿ ಇಂಗ್ಲಿಷರ, ಫ್ರೆಂಚರ ಯುದ್ಧದ ಪಾಠವಿತ್ತು. ಯುರೋಪಿನಲ್ಲಿ ಒಪ್ಪಂದವಾಯಿತು, ಫ್ರೆಂಚರು ಗೆದ್ದಿದ್ದ ಮದ್ರಾಸನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು, ಅಮೆರಿಕದಲ್ಲಿ ಕಳೆದುಕೊಂಡಿದ್ದ ತಮ್ಮ ಕೋಟೆಯನ್ನು ಹಿಂದಕ್ಕೆ ಪಡೆದರು. ಮಕ್ಕಳಿಗೆ ತಿಳಿಯಲೆಂದು, ಸಾಟಿ ಮಾಡಿಕೊಂಡರು ಎಂದೆ. ಎಲ್ಲರೂ ನಕ್ಕರು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು.

“ಮದ್ರಾಸಿನ ಮಂದಿ ಒಪ್ಪಿದ್ರೇನ್ರಿ, ಸರ್?”

“ಒಪ್ಪಿರ್ತಾರ, ಕೂಡು” ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು — ಅಂದು ಪಡಸಾಲೆಯಲ್ಲಿ ಬಂದ ಹಾಗೆಯೇ.

ಮರುದಿನ ಆ ಹುಡುಗಿಗೆ ಹೇಳಿದೆ: ತಪ್ಪು ಹೇಳಿದ್ದೆನವ್ವ, ಮದ್ರಾಸಿನವರನ್ನು ಯಾರೂ ಕೇಳಲಿಲ್ಲ. ಸಂಜೆ ಶಾಂತಾಳಿಗೂ ನಿಜ ಹೇಳಿದೆ. ಅಂದಿನಿಂದ ಅವಳು ನನ್ನೊಡನೆ ಮಾತಾಡಿಲ್ಲ. ಆಡೆಂದು ನಾನೂ ಕೇಳಿಲ್ಲ.

ನಾಳೆ ಯಲಬುರ್ಗಾ ಬಸ್ಸು ಹತ್ತುತ್ತೇನೆ. ಇದನ್ನೆಲ್ಲ ನಿನ್ನೆದುರು ಹೇಳಬೇಕು. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ನನ್ನನ್ನು ಕ್ಷಮಿಸಬೇಡ. ಅಪ್ಪನ ಮೇಲಿನ ಸಿಟ್ಟನ್ನು ಮಾತ್ರ ಬಿಡು, ಗಿರಿಜಾ — ಅವನು ನಿನ್ನ ಮನಸ್ಸು ಕೇಳಿದ್ದ.