ಹಸಿರು ಟವೆಲಿನ ಗಂಟು

ಶಕುನ, ಕನಸಿನ ಮಾತು ಇವನ್ನೆಲ್ಲ ಯಾರಾದರೂ ಶುರು ಮಾಡಿದರೆ ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದವನು ನಾನು. ಈಗ ನೀವು ಎದ್ದು ಹೋದರೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಆರೇಳು ವರ್ಷದ ಹಿಂದೆ ಒಂದು ಮಧ್ಯಾಹ್ನ, ವಿಜಯನಗರದ ನಮ್ಮ ಮನೆಗೆ ಕಿಟಕಿ ಗಾಜು ಕೂರಿಸಲು ಶಿವಣ್ಣ ಬಂದಿದ್ದ. ಗಾಜು ಕೈಜಾರಿ ಒಡೆದು ಅವನ ತೊಡೆ ಸೀಳಿತು. ರಕ್ತ ಚಿಮ್ಮುತ್ತಿತ್ತು. ನನ್ನ ಹೆಗಲ ಮೇಲಿದ್ದ ಹಸಿರು ಟವೆಲನ್ನು ಗಾಯದ ಮೇಲ್ಭಾಗಕ್ಕೆ ಬಿಗಿದು, ಗಂಟಿಗೆ ಅವನದೇ ಸ್ಕ್ರೂಡ್ರೈವರ್ ಸಿಕ್ಕಿಸಿ ತಿರುಚಿದೆ. ರಕ್ತ ನಿಂತಿತು. ಆದರೆ ಆ ಬಿಗಿತದ ನೋವಿಗೆ ಅವನು ಗೋಗರೆಯತೊಡಗಿದ.

"ಬಿಚ್ಬುಡಿ ಸಾರ್, ಕಾಲು ಸತ್ತೋಯ್ತದೆ. ನಿಮ್ಮ ದಮ್ಮಯ್ಯ."

ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಒಂಚೂರು ಸಡಿಲಿಸೋಣವೆಂದು ಗಂಟಿಗೆ ಕೈ ಹಾಕಿದೆ.

ಆಗಲೇ ಫೋನ್ ಬಂತು. ಹೆಂಡತಿ ಅದನ್ನು ನನ್ನ ಕಿವಿಗೆ ಹಿಡಿದಳು. ಊರಿನ ಆ ತುದಿಯ ನಜರ್‌ಬಾದಿನಿಂದ ಅತ್ತೆ, ನನ್ನ ಸೋದರಮಾವನ ಹೆಂಡತಿ.

"ಅದೇನೋ ಕಣಪ್ಪ, ನಿಮ್ಮ ಮಾವ ನಿದ್ದೆಗಣ್ಣಲ್ಲೇ ಎದ್ದು ಕೂತವ್ರೆ. ಅವನಿಗೆ ಫೋನ್ ಮಾಡು, ಹಸಿರು ಬಟ್ಟೆ ಬಿಚ್ಬ್ಯಾಡ ಅನ್ನು ಅಂತ ನಿನ್ನ ಹೆಸರು ಹಿಡಿದು ಕೂಗ್ತಾವ್ರೆ. ಯಾವ ಬಟ್ಟೆಯಪ್ಪ ಅದು?"

ನಾನು ಕೈ ತೆಗೆದೆ. ಶಿವಣ್ಣ ನನ್ನನ್ನು ಬೈದ, ಅತ್ತ, ನಾನು ಗಂಟು ಬಿಚ್ಚಲಿಲ್ಲ. ಅವನೂ ಉಳಿದ, ಕಾಲೂ ಉಳಿಯಿತು. ಬಿಚ್ಚಿದ್ದರೆ ಆಸ್ಪತ್ರೆ ಮುಟ್ಟುತ್ತಿರಲಿಲ್ಲ ಎಂದರು ಡಾಕ್ಟರು.

ಮಾವ ಸೈನ್ಯದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದವರು. ಚಿಕ್ಕಂದಿನಲ್ಲಿ ನಾವು "ಬಂದೂಕಿಲ್ಲದ ಸೋಲ್ಜರ್" ಎಂದು ರೇಗಿಸಿದರೆ ನಕ್ಕುಬಿಡುತ್ತಿದ್ದರು. ಯುದ್ಧದ ಮಾತನ್ನು ಒಮ್ಮೆಯೂ ಎತ್ತಿದವರಲ್ಲ. ಮರುದಿನ ಹೋಗಿ ಕೇಳಿದರೆ, ಕೂಗಿದ್ದೇ ಅವರಿಗೆ ನೆನಪಿರಲಿಲ್ಲ. ಶಿವಣ್ಣನ ಸಂಗತಿ ಹೇಳಿದೆ. ಆಗ ಬಾಯಿಬಿಟ್ಟರು.

"ಗಡೀಲಿ ಒಬ್ಬ ಹಾಸನದ ಹುಡುಗ ಹಿಂಗೇ ಬೇಡ್ಕೊಂಡ. ಪಾಪ ಅನ್ನಿಸ್ತು, ಸಡಿಲ ಮಾಡ್ಬುಟ್ಟೆ. ನನ್ನ ತೊಡೆ ಮೇಲೇ ಹೋದ."

"ಆಮೇಲೆ, ಮಾವ?"

"ಆಮೇಲೇನು. ಇನ್ನೂ ಕೂಗೋರು ಇದ್ರಲ್ಲ, ಹೋದೆ."

ಹೋದದ್ದು ಶೆಲ್ ಬೀಳುತ್ತಿದ್ದ ಬಯಲಿಗೆ, ಹೆಗಲಲ್ಲಿ ಒಂದು ಔಷಧಿ ಚೀಲ ಅಷ್ಟೆ. ತೆವಳಿಕೊಂಡು ಹೋಗಿ ಒಬ್ಬೊಬ್ಬರನ್ನೇ ಎಳೆದು ತಂದರಂತೆ, ಏಳು ಜನರನ್ನು. ಬೇಡಿದರೂ ಬೈದರೂ ಏಳು ಗಂಟುಗಳಲ್ಲಿ ಒಂದನ್ನೂ ಸಡಿಲಿಸಲಿಲ್ಲ. ಏಳು ಜನವೂ ಊರು ಸೇರಿದರು. ನಾವು ರೇಗಿಸಿದ್ದು ಇಂಥವರನ್ನು.

ಆ ಹಾಸನದ ಹುಡುಗನಿಗೆ ಕಟ್ಟಿದ್ದೂ ಹಸಿರು ಬಟ್ಟೆಯೇ ಅಂತೆ. ಹಾಗಾದರೆ ಮಾವ ಕಂಡದ್ದು ಹಳೆಯ ಕನಸು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡು ನೋಡಿದ್ದೇನೆ. ಆದರೆ ಆ ಕನಸಿನಲ್ಲಿ ನನ್ನ ಹೆಸರಿಗೇನು ಕೆಲಸ, ಅದೂ ಆ ಗಳಿಗೆಯಲ್ಲಿ?

ಆಸ್ಪತ್ರೆಯವರು ವಾಪಸು ಕೊಟ್ಟ ಆ ಟವೆಲನ್ನು ಒಗೆದು ಮಾವನಲ್ಲಿಗೆ ಒಯ್ದಿದ್ದೆ. ಗಂಟು ಹಾಕಿದ ಕಡೆಯ ಸುಕ್ಕು ಹೋಗಿರಲಿಲ್ಲ. ಮಾವ ಅದನ್ನು ಬೆರಳಿನಿಂದ ಸವರಿ ನೋಡಿದರು.

"ಚೆನ್ನಾಗಿ ಕಟ್ಟಿದ್ದೀಯ ಕಣೋ," ಎಂದರು.

ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಮೆಚ್ಚುಗೆಗಳಲ್ಲಿ ಅದೇ ದೊಡ್ಡದು. ಕಟ್ಟಿದವನು ನಾನೇ, ನಿಜ. ಬಿಚ್ಚದಂತೆ ಹಿಡಿದ ಕೈ ಯಾರದೋ, ಇವತ್ತಿಗೂ ಗೊತ್ತಿಲ್ಲ.