ಏಳನೇ ಎಣಿಕೆಗೆ ಬಾಗುವ ದೊಡ್ಡಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆರು ಒಗೆಯುವ ಯಂತ್ರಗಳು ಒಟ್ಟಿಗೆ ಗುಡುಗುತ್ತಿವೆ. ಎದುರಿಗಿದ್ದವರ ಮಾತೂ ಕೇಳಿಸದು. ಆ ಗದ್ದಲದಲ್ಲಿ ಇಬ್ಬರು ಹೆಂಗಸರು ಒಂದು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ನಿಂತಿದ್ದಾರೆ. ಜಪದಲ್ಲಿದ್ದವರಂತೆ ತುಟಿ ಮಾತ್ರ ಅಲುಗುತ್ತಿದೆ. ಹಿಡಿ, ಎಳೆ, ಕೊಡವು, ಮಡಚು, ನಡೆ, ಮೂಲೆ ಕೊಡು. ಏಳನೆಯ ಎಣಿಕೆಗೆ ಒಬ್ಬರು ಬಾಗಿ, ಇಳಿಬಿದ್ದ ಅಂಚು ನೆಲ ಮುಟ್ಟುವ ಮೊದಲೇ ಅದನ್ನು ಎತ್ತಿಕೊಳ್ಳುತ್ತಾರೆ. ನೆಲ ಮುಟ್ಟಿದ ಶೀಟು ಮತ್ತೆ ಒಗೆತಕ್ಕೇ ಹೋಗಬೇಕು.

ಬಾಗುವವರು ದೊಡ್ಡಕ್ಕ, ಎಲ್ಲರೂ ಕರೆಯುವುದು ಹಾಗೆಯೇ. ಎದುರಿಗಿರುವವರು ಅವರ ನಾದಿನಿ. ದಿನಕ್ಕೆ ಆರುನೂರು ಶೀಟು, ಆರುನೂರು ಸಲ ಬಾಗುವಿಕೆ. ಗಂಡ ತೀರಿಕೊಂಡ ವರ್ಷ ಈ ಕೆಲಸಕ್ಕೆ ಸೇರಿದ ದೊಡ್ಡಕ್ಕನಿಗೆ ಇಲ್ಲಿ ಇದು ಇಪ್ಪತ್ತೊಂಬತ್ತನೆಯ ವರ್ಷ. ಈ ಬಿಸಿಯಲ್ಲಿ ಬೆಂದೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಹತ್ತಿಸಿದ್ದಾರೆ. ಸೊಂಟ ನೋಯುವುದಿಲ್ಲವೇ ಎಂದರೆ ನಗುತ್ತಾರೆ. "ನೋಯದೆ ಇರುತ್ತಾ? ಆದ್ರೆ ಕಾಯಿಲೆಯವರು ಮಲಗೋ ಬಟ್ಟೆ ಕಣಪ್ಪಾ. ಅವರಿಗೆ ಧೂಳು ಹಾಸೋಕಾಗುತ್ತಾ?"

ಈ ಏಳರ ಎಣಿಕೆ ಈಗ ಊರೆಲ್ಲ ಕೇಳುವ ಆಲ್ಬಮ್ಮೊಂದರ ಉಸಿರಾಗಿದೆ. ನಾಲ್ಕು ಜನರ ಪುಟ್ಟ ಬ್ಯಾಂಡ್ ಅದು. ಮೊದಲ ಆಲ್ಬಮ್ಮಿನ ತುಂಬ ಪ್ರೇಮಗೀತೆಗಳೇ. ಆಮೇಲೆ ಹಾಡುಗಾರ್ತಿ ಕಾಯಿಲೆ ಬಿದ್ದು ಇಲ್ಲಿನ ವಾರ್ಡಿನಲ್ಲಿ ಇಪ್ಪತ್ತು ದಿನ ಮಲಗಿದಳು. ದಿನವೂ ಬರುವ ಬಿಳಿ ಶೀಟು ಯಾರ ಕೈಯದೆಂದು ಹುಡುಕುತ್ತ ಒಂದು ದಿನ ಮೆಟ್ಟಿಲಿಳಿದು ಬಂದಳು. ದೇವರು ದಾರಿ ತೋರಿಸುವುದೇ ಹೀಗೇನೋ. ಒಗೆಯುವ ಮನೆಯನ್ನು ಮುಚ್ಚಿ, ಕೆಲಸವನ್ನು ಹೊರಗಿನ ಗುತ್ತಿಗೆಗೆ ಕೊಡಲು ಆಡಳಿತ ಹೊರಟಿದ್ದ ಹೊತ್ತು ಅದು. ಇಪ್ಪತ್ತೆರಡು ಹೆಂಗಸರ ಅನ್ನಕ್ಕೆ ಕುತ್ತು ಬಂದಿತ್ತು. ಅದನ್ನೇ ಹಾಡುವ ಎರಡನೆಯ ಆಲ್ಬಮ್ಮಿಗೆ ಬ್ಯಾಂಡ್ ಇಟ್ಟ ಹೆಸರು 'ನಾಲ್ಕು ಮೂಲೆ'.

ಮೊದಲ ಹಾಡು ಕೇಳಿಸಲು ಅವರು ಊಟದ ಬಿಡುವಿನಲ್ಲಿ ಬಂದರು. ಹಾಡು ನಾಲ್ಕರ ತಾಳದಲ್ಲಿತ್ತು. ದೊಡ್ಡಕ್ಕ ಪೂರ್ತಿ ಕೇಳಿ, ನಾದಿನಿಯನ್ನು ಕರೆದು, ಹಾಡಿಗೆ ತಕ್ಕಂತೆ ಒಂದು ಶೀಟು ಮಡಚಿ ತೋರಿಸಿದರು. ಅಂಚು ಹೋಗಿ ನೆಲ ಗುಡಿಸಿತು.

"ಚೆನ್ನಾಗಿದೆ ಕಣಮ್ಮಾ. ಆದ್ರೆ ಬಗ್ಗೋದನ್ನೇ ಬಿಟ್ಟಿದ್ದೀರಲ್ಲ! ನಮ್ಮ ಕಷ್ಟ ಇರೋದೇ ಅಲ್ಲಿ."

"ಏಳಕ್ಕೆ ಯಾರೂ ಕುಣಿಯಲ್ಲ ದೊಡ್ಡಕ್ಕ," ಎಂದು ಡ್ರಮ್ಮಿನವನು ತಲೆ ಕೆರೆದುಕೊಂಡ.

"ಕುಣಿಯೋದು ಆಮೇಲೆ, ಮೊದಲು ಮಡಚೋದು ಕಲಿ," ಎಂದರು ನಾದಿನಿ. "ಬಾ, ಮೂಲೆ ಹಿಡಿ!"

ಮೂರು ವಾರ ಅವನು ಇಲ್ಲಿಯೇ ಶೀಟು ಮಡಚಿದ. ಮೊದಮೊದಲು ಅವನು ಮಡಚಿದ್ದಕ್ಕಿಂತ ಮತ್ತೆ ಒಗೆತಕ್ಕೆ ಹಾಕಿಸಿದ್ದೇ ಹೆಚ್ಚು. ಕೊನೆಗೆ ಏಳರ ತಾಳ ಸೊಂಟಕ್ಕೆ ಹತ್ತಿತು, ಹಾಡೂ ಅದಕ್ಕೇ ತಿರುಗಿತು. ಏಳನೆಯ ಎಣಿಕೆಗೆ ಹಾಡುಗಾರ್ತಿ ಸಾಲು ಕೂಡಿಸಿದಳು: 'ಬಾಗಿದ್ದೇವೆ ಎತ್ತಲೆಂದು, ಸೋತೆವೆಂದು ಅಲ್ಲ.'

ಆಲ್ಬಮ್ ಬಿಡುಗಡೆಯಾದದ್ದು ಆಸ್ಪತ್ರೆಯ ಗೇಟಿನ ಮುಂದೆ, ನಡುಮಧ್ಯಾಹ್ನ. ಇಬ್ಬಿಬ್ಬರಿಗೆ ಒಂದರಂತೆ ಇನ್ನೂರು ಶೀಟು ಹಂಚಿದರು. ನರ್ಸುಗಳು, ಡ್ರೈವರುಗಳು, ರೋಗಿಗಳ ಮನೆಯವರು ಎಲ್ಲರೂ ಮೂಲೆ ಹಿಡಿದರು. ವಾರ್ಡಿನ ಕಿಟಕಿಗಳಿಂದ ರೋಗಿಗಳು ಚಪ್ಪಾಳೆಯಲ್ಲಿ ಎಣಿಕೆ ಹಿಡಿದರು. ಏನು ನಡೆದಿದೆಯೆಂದು ನೋಡಲು ಬಂದ ಮೇಲಧಿಕಾರಿಯ ಕೈಗೂ ಯಾರೋ ಎರಡು ಮೂಲೆ ಕೊಟ್ಟರು. ಏಳನೆಯ ಎಣಿಕೆಗೆ ಇಡೀ ಗುಂಪು ಒಂದೇ ಮೈಯಾಗಿ ಬಾಗಿತು. "ಸಾಹೇಬರದ್ದು ಮಾತ್ರ ನೆಲ ಗುಡಿಸ್ತು," ಎಂದು ದೊಡ್ಡಕ್ಕ ಕಣ್ಣಲ್ಲೇ ನಗುತ್ತಾರೆ. "ಪಾಪ, ಅಭ್ಯಾಸ ಇಲ್ಲ. ಮತ್ತೆ ಒಗೆದ್ವಿ, ಏನ್ಮಾಡೋದು!"

ಹನ್ನೊಂದನೆಯ ದಿನ ಗುತ್ತಿಗೆಯ ಆದೇಶ ರದ್ದಾಯಿತು. ಇಪ್ಪತ್ತೆರಡು ಹೆಂಗಸರಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ. ಆಲ್ಬಮ್ಮಿನ ಹಿಂಬದಿಯಲ್ಲಿ, ಹಾಡಿದವರ ಹೆಸರುಗಳ ಕೆಳಗೆ, 'ಎಣಿಕೆ: ದೊಡ್ಡಕ್ಕ ಮತ್ತು ನಾದಿನಿ' ಎಂದಿದೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ದೊಡ್ಡಕ್ಕ ಕೈ ಒರೆಸಿಕೊಳ್ಳುತ್ತಾರೆ. "ನಿವೃತ್ತಿಗೆ ನಾಲ್ಕು ವರ್ಷ ಇದೆ. ಹೋದ ವರ್ಷ, ನನ್ನ ಕೊನೇ ಶೀಟು ಯಾವುದು ಅಂತ ಬೇರೆ ಯಾರೋ ಹೇಳೋರಿದ್ರು. ಈಗ ನಿವೃತ್ತಿ ದಿನ ಅದನ್ನ ನಾನೇ ಮಡಚ್ತೀನಿ. ಅದು ನೆಲ ಮುಟ್ಟಬಾರದು, ಅಷ್ಟೇ."

"ಅತ್ತಿಗೆ, ಮಾತು ಸಾಕು!" ನಾದಿನಿ ಮುಂದಿನ ಶೀಟು ಕೊಡವುತ್ತಾರೆ. ದೊಡ್ಡಕ್ಕ ಹೋಗಿ ತಮ್ಮ ಎರಡು ಮೂಲೆ ಹಿಡಿಯುತ್ತಾರೆ.