ಕರೆಯದೆ ಬಂದ ಹದಿನಾರು ಮಂದಿ

ನಮ್ಮ ರುಸೆ ಊರಿನ ನದಿದಡಕ್ಕೆ ವಿಹಾರದ ಹಡಗು ಬಂತೆಂದರೆ ಅಲ್ಲಿ ನೆವೆನಾ ಇರಲೇಬೇಕು. ಊರು ತೋರಿಸುವುದೇ ಅವಳ ಕೆಲಸ. ಗುಂಪಿನವರು ದಾರಿ ತಪ್ಪದಂತೆ ಎತ್ತಿ ಹಿಡಿಯಲು ಕೈಯಲ್ಲಿ ಏಳನೇ ನಂಬರಿನ ಫಲಕ, ಬಾಯಲ್ಲಿ ಅರಳು ಹುರಿದಂತೆ ಮಾತು. ಡ್ಯಾನ್ಯೂಬ್ ನದಿಯಾಚೆಯ ರೊಮೇನಿಯಾವನ್ನು ತೋರಿಸಿ, "ಅಲ್ಲಿನ ಸೊಳ್ಳೆಗಳಿಗೆ ಪಾಸ್‌ಪೋರ್ಟೇ ಬೇಡ ನೋಡಿ, ಸೀದಾ ಬರ್ತವೆ" ಎಂದು ಇಪ್ಪತ್ತು ವರ್ಷದಿಂದ ಒಂದೇ ಚಟಾಕಿ. ಜನ ಇಪ್ಪತ್ತು ವರ್ಷದಿಂದ ನಗುತ್ತಲೇ ಇದ್ದಾರೆ!

ಆ ಭಾನುವಾರ ಮಾತ್ರ ಅವಳ ಮನಸ್ಸು ನೆಟ್ಟಗಿರಲಿಲ್ಲ. ಈಸ್ಟರಿಗೆ ಒಂದು ವಾರ ಮೊದಲು ಬರುವ ಆ ದಿನ, ಹೂವಿನ ಹೆಸರಿಟ್ಟುಕೊಂಡವರಿಗೆಲ್ಲ ಹೆಸರಿನ ಹಬ್ಬ. ನೆವೆನಾ ಎಂದರೂ ಹೂವು, ಅವಳಕ್ಕ ತೆಮೆನುಗಾ ಎಂದರೂ ಹೂವು. ಈ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ನೆನಪಿಟ್ಟುಕೊಂಡು ತಾವಾಗಿ ಬಂದವರಿಗೆ ಬಡಿಸಬೇಕು. ಅಮ್ಮ ಇರುವತನಕ ಇಬ್ಬರೂ ಅವಳ ಮನೆಯಲ್ಲೇ ಸೇರುತ್ತಿದ್ದರು. ಅಮ್ಮ ಹೋದಮೇಲೆ, ಅವಳು ಮೀನು ಬೇಯಿಸುತ್ತಿದ್ದ ತಾಮ್ರದ ಪರಾತವನ್ನು ಅಕ್ಕ ಒಯ್ದಳೆಂದು ತಂಗಿ ಒಂದಂದಳು, ಅಕ್ಕ ಎರಡಂದಳು, ಮಾತೇ ನಿಂತುಹೋಯಿತು. ಮೂರು ವರ್ಷ ಈ ದಿನ ನೆವೆನಾ ಅಡುಗೆ ಮಾಡಿ, ಬಾಗಿಲು ತೆರೆದು ಕಾದಳು. ಅಕ್ಕ ಬರಲಿಲ್ಲ. ಈ ಸಲ ಹಬ್ಬವೂ ಬೇಡ ಗಿಬ್ಬವೂ ಬೇಡ ಎಂದು ಮನೆಗೆ ಬೀಗ ಜಡಿದು ಕೆಲಸಕ್ಕೆ ಬಂದಿದ್ದಳು.

ಹಡಗಿನಿಂದ ಇಳಿದವರು ಹದಿನಾರು ಮಂದಿ ವಯಸ್ಸಾದ ಡಚ್ಚರು. ಬಾಗಿಲು ಬಾಗಿಲಿಗೂ ವಿಲ್ಲೋ ಮರದ ಟೊಂಗೆ ಕಟ್ಟಿರುವುದೇಕೆಂದು ಕೇಳಿದರು. ನೆವೆನಾ ಹಬ್ಬದ ವಿಷಯ ಹೇಳಿದಳು, ಕರೆಯದೆ ಹೋಗುವುದನ್ನೂ ಹೇಳಿದಳು. ಚರ್ಚು ತೋರಿಸಿಯಾದ ಮೇಲೆ, ಅಲ್ಲಿಂದ ನದಿಗೆ ನೇರ ದಾರಿಯಿದ್ದರೂ ಅವಳ ಕಾಲು ಅಕ್ಕನ ಬೀದಿಗೆ ತಿರುಗಿತು. ಇದೇ ಹತ್ತಿರ ಎಂದು ತನಗೆ ತಾನೇ ಹೇಳಿಕೊಂಡಳು. ಹತ್ತಿರವೂ ಅಲ್ಲ, ಮಣ್ಣೂ ಅಲ್ಲ.

ತೆಮೆನುಗಾ ಗೇಟಿನ ಬಳಿ ಬೆಂಚಿನ ಮೇಲೆ ಕೂತಿದ್ದಳು. ನೆವೆನಾ ಮುಖ ತಿರುಗಿಸಿದಳು. ಗುಂಪಿನಲ್ಲಿದ್ದ ಎಂಬತ್ತು ದಾಟಿದ ಹೆಂಡ್ರಿಕಾ ಅಜ್ಜಿ ಬಿಡಬೇಕಲ್ಲ!

"ಇವರ ಹೆಸರೇನಮ್ಮ?"

"ತೆಮೆನುಗಾ."

"ಅದೂ ಹೂವಾ?"

"ಹೂವೇ. ನಡೀರಿ, ಹೊತ್ತಾಯ್ತು."

"ಹಾಗಾದ್ರೆ ಕರೆಯೋದೇ ಬೇಡ!" ಎಂದವಳೇ ಅಜ್ಜಿ ಗೇಟು ತೆರೆದು ಒಳನಡೆದಳು. ಉಳಿದ ಹದಿನೈದು ಮಂದಿ ಅವಳ ಹಿಂದೆ.

"ಅಯ್ಯೋ, ನಿಲ್ಲಿ! ಹಡಗು ಹೊರಟುಬಿಡುತ್ತೆ!"

"ಕರೆಯದೇ ಹೋಗ್ಬೇಕು ಅಂತ ನೀವೇ ಹೇಳಿದ್ರಲ್ಲ!" ಎಂದಳು ಅಜ್ಜಿ.

ಹೆಸರಿನ ಹಬ್ಬಕ್ಕೆ ಬಂದವರನ್ನು ಹೊರಗೆ ಕಳಿಸುವ ಎದೆ ನಮ್ಮೂರಲ್ಲಿ ಯಾರಿಗೂ ಇಲ್ಲ. ತೆಮೆನುಗಾ ಕಕ್ಕಾಬಿಕ್ಕಿಯಾಗಿ ಎಲ್ಲರನ್ನೂ ಒಳಗೆ ಕೂರಿಸಿ, ತಿರುಗಿ ಗೇಟಿಗೆ ಬಂದಳು.

"ನೀನೇನೇ ಕಂಬದ ಹಾಗೆ ನಿಂತಿದೀಯ? ನಿನ್ನನ್ನೇನು ಕರೀಬೇಕಾ?"

"ಕರೆಯೋ ಹಾಗಿಲ್ಲವಲ್ಲ," ಎಂದು ಗೊಣಗುತ್ತಾ ನೆವೆನಾ ಒಳಗೆ ಹೆಜ್ಜೆಯಿಟ್ಟಳು.

ಮೇಜಿನ ಮೇಲೆ ಅಮ್ಮನ ಪರಾತ, ಅದರ ತುಂಬ ವಾಲ್‌ನಟ್ ತುಂಬಿ ಬೇಯಿಸಿದ ಮೀನು. ಪಕ್ಕದಲ್ಲಿ ಎರಡು ತಟ್ಟೆ.

"ಎರಡನೇದು ಯಾರಿಗೆ, ಅಕ್ಕ?"

"ಯಾರಿಗಂತೆ! ಮೂರು ವರ್ಷ ಇಟ್ಟೆ, ಸಂಜೆ ಎತ್ತಿಟ್ಟೆ. ನೀನು ಬಂದರೆ ತಾನೆ?"

"ನಾನೂ ನಿನಗೆ ತಟ್ಟೆ ಇಟ್ಕೊಂಡು ಮನೇಲೇ ಕಾದೆ ಕಣೇ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಅದೇ ದಿನ ಹಬ್ಬ. ಇಬ್ಬರೂ ಮನೆ ಬಿಟ್ಟು ಕದಲದಿದ್ದರೆ ಹೋಗುವವರು ಯಾರು? ತೆಮೆನುಗಾಗೆ ನಗು ತಡೆಯಲಾಗಲಿಲ್ಲ. ನೆವೆನಾ ನಗುತ್ತಾ ನಗುತ್ತಾ ಅತ್ತೇಬಿಟ್ಟಳು.

ಒಂದು ಮೀನು ಹದಿನೆಂಟು ಜನಕ್ಕೆ ಚೂರು ಚೂರೇ ಬಂತು. ಬಾಲದ ತುಂಡಿಗೆ ಚಿಕ್ಕಂದಿನಲ್ಲಿ ಅಕ್ಕತಂಗಿಯರು ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಇವತ್ತು ಅಕ್ಕ ಅದನ್ನು ತಾನಾಗಿಯೇ ತಂಗಿಯ ತಟ್ಟೆಗೆ ಹಾಕಿದಳು.

ಹೊರಡುವಾಗ ಅಕ್ಕ ಪರಾತವನ್ನು ತೊಳೆದು ತಂಗಿಯ ಕೈಗಿಟ್ಟಳು.

"ಮುಂದಿನ ವರ್ಷ ಮೀನು ನಿನ್ನ ಮನೇಲಿ. ನಾನು ಇಲ್ಲಿಗೆ ಬೀಗ ಹಾಕ್ಕೊಂಡು ಬರ್ತೀನಿ. ಕರೆಯೋಕೆ ಗಿರೆಯೋಕೆ ಬಂದೀಯಾ, ಹುಷಾರ್!"

ನೆವೆನಾ ಪರಾತವನ್ನು ತಲೆಯ ಮೇಲೆತ್ತಿ ಹಿಡಿದು ನಡೆದಳು. ಹದಿನಾರು ಮಂದಿ ಅದನ್ನೇ ನೋಡುತ್ತಾ ಹಡಗಿನವರೆಗೆ ಹಿಂಬಾಲಿಸಿದರು. ಏಳನೇ ನಂಬರಿನ ಫಲಕ ಅಕ್ಕನ ಅಡುಗೆಮನೆಯಲ್ಲೇ ಉಳಿದಿತ್ತು. ಅದನ್ನು ತರಲು ಅವಳು ಮರುದಿನ ಬೆಳಿಗ್ಗೆಯೇ ಹೋದಳು, ಕರೆಯದೆ.